83 ತುಂಡುಗಳಲ್ಲಿ ಒಬ್ಬ ಮಾಂತ್ರಿಕ

ಲೆಗೊ ಪೆಟ್ಟಿಗೆ ಕೊಳ್ಳುವವರಲ್ಲಿ ಒಂದು ಲೆಕ್ಕ ಬಳಕೆಯಲ್ಲಿದೆ. ಬೆಲೆಯನ್ನು ತುಂಡುಗಳ ಸಂಖ್ಯೆಯಿಂದ ಭಾಗಿಸಿ, ತುಂಡಿಗೆಷ್ಟು ಬಿತ್ತು ಎಂದು ನೋಡುವುದು. ಸಂತೆಯಲ್ಲಿ ಬದನೆಕಾಯಿ ಕಿಲೋಗೆಷ್ಟು ಎಂದು ಕೇಳಿದ ಹಾಗೆ. ದೊಡ್ಡ ಸೆಟ್ಟುಗಳಿಗೆ ಇದು ಒಗ್ಗುತ್ತದೆ. ಸಣ್ಣವು ಈ ತಕ್ಕಡಿಯಲ್ಲಿ ಹೆಚ್ಚಾಗಿ ಸೋಲುತ್ತವೆ. ಆ ಸೋಲಿನಲ್ಲಿ ನ್ಯಾಯವಿಲ್ಲ ಅನ್ನುವುದಕ್ಕೆ ನನ್ನ ಸಾಕ್ಷಿ 2012ರಲ್ಲಿ ಬಂದ 9469ನೇ ನಂಬರಿನ ಪೆಟ್ಟಿಗೆ, ‘ಗ್ಯಾಂಡಾಲ್ಫ್ ಅರೈವ್ಸ್’.

ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯ ಆರಂಭದ ಒಂದು ಗಳಿಗೆ ಇದು. ಮಾಂತ್ರಿಕ ಗ್ಯಾಂಡಾಲ್ಫ್ ಬಾಣಬಿರುಸು ತುಂಬಿದ ಗಾಡಿ ಹೊಡೆದುಕೊಂಡು ಹಾಬಿಟ್‌ಗಳ ಊರಿಗೆ ಬರುತ್ತಾನೆ. ಒಂದು ಕುದುರೆ, ಒಂದು ಗಾಡಿ, ಇಬ್ಬರು ಗೊಂಬೆ ಮನುಷ್ಯರು, ಎಲ್ಲ ಸೇರಿ 83 ತುಂಡು. ಅದೇ ವರ್ಷ ಅದೇ ಕಥೆಯ ಹೆಲ್ಮ್ಸ್ ಡೀಪ್ ಕೋಟೆಯೂ ಬಂತು, 1,368 ತುಂಡುಗಳದ್ದು. ಕೋಟೆಯಲ್ಲಿ ಒಂದು ಮೂಲೆ ಸಪ್ಪೆಯಾದರೂ ಗೋಡೆಯ ಗಾತ್ರ ಅದನ್ನು ಮುಚ್ಚಿಬಿಡುತ್ತದೆ. ಗಾಡಿಗೆ ಆ ಸೌಕರ್ಯ ಇಲ್ಲ. ಒಂದು ತುಂಡು ಕೂಲಿ ತೆಗೆದುಕೊಂಡು ಕೆಲಸ ಮಾಡದೆ ನಿಂತಿದ್ದರೆ ಕಂಡೇ ಕಾಣುತ್ತದೆ.

ಸಣ್ಣ ಸೆಟ್ಟನ್ನು ತೂಗುವಾಗ ನಾನು ಮೊದಲು ನೋಡುವುದು ಅಳತೆಯ ಜಾಣತನ. ಲೆಗೊದಲ್ಲಿ ಒಂದು ಉಬ್ಬಿನ ನಡುವಿನಿಂದ ಮುಂದಿನದರ ನಡುವಿಗೆ 8 ಮಿಲಿಮೀಟರ್. ಉಬ್ಬು ಬಿಟ್ಟು ಇಟ್ಟಿಗೆಯ ಎತ್ತರ 9.6, ತೆಳ್ಳನೆಯ ಪ್ಲೇಟಿನದು 3.2. ಮೂರು ಪ್ಲೇಟು ಪೇರಿಸಿದರೆ ಒಂದು ಇಟ್ಟಿಗೆ. ಕೋಟೆಗೋಡೆಗೆ ಇಟ್ಟಿಗೆ ಸಾಕು, ಆದರೆ ಅಂಗೈಯಲ್ಲಿ ಕೂರುವ ಗಾಡಿಗೆ ಅದು ತೀರ ಒರಟು. ಅಲ್ಲಿ ಬಡಗಿತನ ನಡೆಯಬೇಕಾದ್ದು ಪ್ಲೇಟುಗಳಲ್ಲೇ. ಎಲ್ಲಿ ಮೂರನೇ ಒಂದು ಭಾಗ ಏರಿಸಬೇಕು, ಎಲ್ಲಿ ಇಳಿಸಬೇಕು ಅನ್ನುವುದೇ ಕುಶಲತೆ. ಹೀಗೆ ಕಟ್ಟಿದ್ದನ್ನು ಎಳೆದಾಡಿದರೂ ಬಿಚ್ಚಿಕೊಳ್ಳದ ಹಾಗೆ ಹಿಡಿದಿಡುವುದು ಇಟ್ಟಿಗೆಯ ಹೊಟ್ಟೆಯೊಳಗಿನ ಕೊಳವೆ. ಡೆನ್ಮಾರ್ಕಿನ ಬಿಲ್ಲುಂಡ್‌ನ ಈ ಕಂಪನಿ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. ಕಂಪನಿ ಶುರುಮಾಡಿದ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಸ್ವತಃ ಬಡಗಿ, ಮೊದಲು ಮಾಡಿದ್ದು ಮರದ ಆಟಿಕೆ. ಗಾಡಿ ನೋಡುವಾಗಲೆಲ್ಲ ನನಗೆ ಆ ಬಡಗಿ ನೆನಪಾಗುತ್ತಾನೆ.

ಇನ್ನು ಕುದುರೆ. ನನ್ನ ಮಟ್ಟಿಗೆ ಪೆಟ್ಟಿಗೆಯ ಜೀವ ಇದೇ. 1978ರ ಹಳದಿ ಕೋಟೆಯ ಸೆಟ್ಟಿನಲ್ಲಿ ಕುದುರೆಗಳನ್ನೂ ಇಟ್ಟಿಗೆಗಳಿಂದಲೇ ಕಟ್ಟಬೇಕಿತ್ತು. ಚೌಕ ಮೂತಿ, ಚೌಕ ಬೆನ್ನು. 1984ರಲ್ಲಿ ಅಚ್ಚಿನ ಕುದುರೆ ಬಂತು. ಅದು ಕತ್ತು ಆಡಿಸುತ್ತಿತ್ತು, ಕಾಲು ಮಾತ್ರ ನೆಟ್ಟ ಗೂಟ. ಸುಮಾರು ಮೂರು ದಶಕ ಹಾಗೇ ನಡೆದು, 2012ರ ಹೊಸ ಅಚ್ಚಿನಲ್ಲಿ ಹಿಂಗಾಲಿಗೆ ಕೀಲು ಬಂತು. ಈಗ ಕುದುರೆ ಮುಂಗಾಲೆತ್ತಿ ನಿಲ್ಲುತ್ತದೆ, ಆದರೆ ಕತ್ತು ಆಡುವುದಿಲ್ಲ. ಒಂದು ಕೊಟ್ಟು ಒಂದು ಪಡೆದ ವ್ಯಾಪಾರ. ಮೇಯುವ ಕುದುರೆ ಬೇಕೆನ್ನುವವರಿಗೆ ಹಳೆಯದೇ ಚೆಂದ. ಬಾಣಬಿರುಸಿನ ಸದ್ದಿಗೆ ಬೆದರುವ ಕುದುರೆ ಬೇಕೆಂದರೆ ಹೊಸದೇ ಆಗಬೇಕು, ಈ ಗಾಡಿಗೆ ಹೂಡಿರುವುದೂ ಅದನ್ನೇ. ತುಂಡು ಎಣಿಸುವ ಲೆಕ್ಕ ಎಡವುವುದು ಇಲ್ಲೇ. ಒಂದು ಉಬ್ಬಿನ ಪುಟಾಣಿ ಪ್ಲೇಟನ್ನೂ ಈ ಕುದುರೆಯ ಮೈಯನ್ನೂ ಅದು ಸರಿಸಮ, ಒಂದೊಂದು ತುಂಡು ಅನ್ನುತ್ತದೆ.

ಗೊಂಬೆಗಳ ವಿಷಯಕ್ಕೆ ಬಂದರೆ, ಕೈಕಾಲು ಆಡುವ ಈ ಪುಟ್ಟ ಮನುಷ್ಯ ಹುಟ್ಟಿದ್ದೂ 1978ರಲ್ಲಿ. ಗ್ಯಾಂಡಾಲ್ಫನಿಗೆ ಚೂಪು ಟೋಪಿ, ಬೂದು ಗಡ್ಡ, ಕೈಯಲ್ಲಿ ಕೋಲು. ಗಡ್ಡ ಬೇರೆಯದೇ ತುಂಡು, ತಲೆ ಕಿತ್ತು ಕುತ್ತಿಗೆಗೆ ಸಿಕ್ಕಿಸಿ ಮತ್ತೆ ತಲೆ ಕೂರಿಸಬೇಕು. ನಮ್ಮ ಮನೆಯ ಮಕ್ಕಳು ಒಂದು ದಿನ ಆ ಗಡ್ಡವನ್ನು ಊರಿನ ಪೊಲೀಸಪ್ಪನಿಗೆ ತೊಡಿಸಿದ್ದರು, ಅವನಿಗೂ ಒಪ್ಪಿತ್ತು. ಮುಖ ಯಾವುದಾದರೂ ಇರಲಿ, ಟೋಪಿ, ಗಡ್ಡ, ಕೋಲು ಮೂರೂ ಸೇರಿದರೆ ದೂರದಿಂದಲೇ ಮಾಂತ್ರಿಕ ಎಂದು ಗೊತ್ತಾಗುತ್ತದೆ. ಯಕ್ಷಗಾನದಲ್ಲಿ ಕಿರೀಟ ನೋಡಿ ಪಾತ್ರ ಹೇಳುವವರಿಗೆ ಈ ಗುಟ್ಟು ಹೊಸದಲ್ಲ.

ಅವನ ಎದುರಿಗೆ ಹಾಬಿಟ್ ಫ್ರೋಡೊ. ಹಾಬಿಟ್‌ಗಳು ಗಿಡ್ಡ ಜನ. ಅದಕ್ಕೆ ಬೇಕಾದ ಗಿಡ್ಡ ಕಾಲು ಲೆಗೊದಲ್ಲಿ ಆಗಲೇ ಇತ್ತು, 2002ರಲ್ಲಿ ‘ಸ್ಟಾರ್ ವಾರ್ಸ್’ನ ಯೋಡಾನಿಗಾಗಿ ಮಾಡಿದ್ದು. ಅದು ಒಂದೇ ಗಟ್ಟಿ ತುಂಡು, ಸೊಂಟದಲ್ಲಿ ಬಾಗುವುದಿಲ್ಲ. ಎತ್ತರವೇನೋ ಸರಿಹೋಯಿತು, ಆದರೆ ಸಿನಿಮಾದಲ್ಲಿ ಗಾಡಿಗೆ ಹಾರಿ ಗ್ಯಾಂಡಾಲ್ಫನ ಪಕ್ಕ ಕೂರುವ ಫ್ರೋಡೊ ಇಲ್ಲಿ ಕೂರಲಾರ. ಸೆಟ್ಟಿನ ಕೊರತೆ ಅನ್ನುವುದಿದ್ದರೆ ನನಗೆ ಕಾಣುವುದು ಇದೊಂದೇ.

ನನ್ನ ತಂಗಿಯ ಮಗಳಿಗೆ ಅದು ಕೊರತೆಯೆನಿಸಲೇ ಇಲ್ಲ. ಎರಡು ಸಲ ಕೂರಿಸಲು ನೋಡಿದಳು, ಆಗಲಿಲ್ಲ. ಇವನು ಮನೆಯಲ್ಲೇ ಕಾಯಲಿ ಎಂದು ಪುಸ್ತಕದ ಕಪಾಟಿನ ಬುಡದಲ್ಲಿ ನಿಲ್ಲಿಸಿ, ಗಾಡಿಯನ್ನು ಊಟದ ಮೇಜಿನ ಕೆಳಗಿಂದ ಹೊರಡಿಸಿದಳು. ಟೋಲ್ಕಿನ್ ಬರೆದಿರುವುದೂ ಹಾಗೆಯೇ. ಫ್ರೋಡೊ ದಾರಿಯಲ್ಲಿ ಎದುರುಗೊಳ್ಳುವುದು ಸಿನಿಮಾದವರ ಸೇರ್ಪಡೆ, ಪುಸ್ತಕದ ಗ್ಯಾಂಡಾಲ್ಫ್ ಗಾಡಿಯಲ್ಲಿ ಒಬ್ಬನೇ ಬರುತ್ತಾನೆ. ಹಿಂದಿನಿಂದ ಊರಿನ ಮಕ್ಕಳು ಓಡಿ ಬರುತ್ತಾರೆ.