ಕಂತು ಏರಿಲ್ಲ, ಸಾಲ ಇಳಿದಿಲ್ಲ

ಮನೆಪತ್ರ ಅಡ ಇಟ್ಟು ಪಡೆದ ಸಾಲದ ಪ್ರತಿ ಕಂತಿನಲ್ಲೂ ಎರಡು ಪಾಲು: ಬಡ್ಡಿ ಮತ್ತು ಅಸಲು. ಬ್ಯಾಂಕು ಮೊದಲು ಆ ತಿಂಗಳ ಬಡ್ಡಿಯನ್ನು ಮುರಿದುಕೊಳ್ಳುತ್ತದೆ. ಮಿಕ್ಕಿದ್ದು ಮಾತ್ರ ಅಸಲಿಗೆ ಜಮಾ. ವ್ಯಾಖ್ಯೆ ಇಷ್ಟು ಸಾಕು.

ನಿವೃತ್ತರಾದ ಅಪ್ಪನೋ ದೊಡ್ಡಮ್ಮನೋ ಸಾಲ ಕಟ್ಟಲಾಗದೆ ಒದ್ದಾಡುತ್ತಿದ್ದಾರೆಂದು ತಿಳಿದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ, "ತಿಂಗಳಿಗೆ ಎಷ್ಟು ಕಟ್ಟುತ್ತಿದ್ದೀರಿ?" ಉತ್ತರವೂ ಸಿದ್ಧ: "ಮೊದಲಿನಷ್ಟೇ ಕಣಪ್ಪ, ಬ್ಯಾಂಕಿನವರು ಏನೂ ಜಾಸ್ತಿ ಮಾಡಿಲ್ಲ." ಎಲ್ಲರೂ ಎಡವುವುದು ಇಲ್ಲೇ.

ಲೆಕ್ಕ ಹಾಕಿ ನೋಡೋಣ. 55 ವರ್ಷದವರೊಬ್ಬರು 20 ಲಕ್ಷ ರೂಪಾಯಿಯನ್ನು ಶೇ. 7ರ ಫ್ಲೋಟಿಂಗ್ (ಏರಿಳಿಯುವ) ಬಡ್ಡಿಗೆ, 15 ವರ್ಷಕ್ಕೆ ಪಡೆದರು ಎನ್ನಿ. ಕಂತು ಸುಮಾರು 17,977 ರೂಪಾಯಿ. ಮೊದಲ ತಿಂಗಳು ಬಡ್ಡಿಗೆ 11,667 ಹೋಗಿ ಅಸಲಿಗೆ 6,310 ಸಿಗುತ್ತದೆ. ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಅಂದರೆ ರೆಪೊ ದರ, 2022ರ ಮೇ ಆರಂಭದಲ್ಲಿ ಶೇ. 4 ಇದ್ದದ್ದು 2023ರ ಫೆಬ್ರುವರಿಗೆ ಶೇ. 6.5 ಮುಟ್ಟಿತು. ಅಷ್ಟೇ ಏರಿಕೆ ಈ ಸಾಲಕ್ಕೂ, ಅದೂ ಶುರುವಿನಲ್ಲೇ ತಗುಲಿದರೆ ದರ ಶೇ. 9.5. ಕಂತು ಅದೇ 17,977. ಆದರೆ ಬಡ್ಡಿಯೇ 15,833 ನುಂಗುತ್ತದೆ, ಅಸಲಿಗೆ ಉಳಿಯುವುದು 2,144 ಮಾತ್ರ. 180 ಕಂತಿಗೆ ಮುಗಿಯಬೇಕಾದ ಸಾಲಕ್ಕೆ ಈಗ ಸುಮಾರು 270 ಕಂತು ಬೇಕು. 70ನೇ ವಯಸ್ಸಿಗೆ ತೀರಬೇಕಿದ್ದದ್ದು 77 ದಾಟುತ್ತದೆ! ಎಷ್ಟು ಸಲ ವಿವರಿಸಿದರೂ ಈ ಅಂಕಿ ಕಂಡಾಗ ಇಂದಿಗೂ ನನಗೆ ಎದೆ ಧಸಕ್ಕೆನ್ನುತ್ತದೆ.

ಅವಧಿ ಹಾಗೆ ಎಲ್ಲಿಯವರೆಗೆ ಬೆಳೆದೀತು? ಸಾಲ ತೀರುವಾಗ ಸಾಲಗಾರರ ವಯಸ್ಸು ಇಷ್ಟು ಮೀರಬಾರದೆಂಬ ಮಿತಿ ಬ್ಯಾಂಕುಗಳಲ್ಲಿದೆ, ಹಲವೆಡೆ ಅದು 70 ಅಥವಾ 75. ಆ ಗೆರೆ ಹತ್ತಿರವಾದಾಗ ಅವಧಿ ಹಿಗ್ಗಿಸುವ ದಾರಿ ಮುಚ್ಚಿ, ಕಂತನ್ನೇ ಏರಿಸುತ್ತಾರೆ. ಸಂಬಳ ನಿಂತು ಪಿಂಚಣಿ ಶುರುವಾದ ಹೊತ್ತಿಗೇ ಈ ಏಟು ಬೀಳುವುದು.

ಆದ್ದರಿಂದ ಹಣ ಹೊಂದಿಸುವ ಮೊದಲು ಸಾಲಖಾತೆಯ ವಿವರಪಟ್ಟಿ ತರಿಸಿ. ಕಟ್ಟಿದ ಬಡ್ಡಿ ಮತ್ತು ಅಸಲು ಎಷ್ಟು, ಉಳಿದ ಕಂತು ಎಷ್ಟು, ಈಗಿನ ದರ ಎಷ್ಟು ಎಂಬುದನ್ನು ಮೂರು ತಿಂಗಳಿಗೊಮ್ಮೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲೇ ಆದೇಶಿಸಿದೆ. ದರ ಏರಿದಾಗ ಕಂತು ಹೆಚ್ಚಿಸಬೇಕೋ ಅವಧಿ ಬೆಳೆಸಬೇಕೋ ಎಂದು ಆರಿಸುವ ಹಕ್ಕೂ ಸಾಲಗಾರರದೇ. ಫ್ಲೋಟಿಂಗ್ ದರದ ಗೃಹಸಾಲದ ಅಸಲಿಗೆ ಅವಧಿಗೆ ಮುನ್ನ ಹಣ ತುಂಬಿದರೆ ವ್ಯಕ್ತಿಗಳಿಗೆ ದಂಡವಿಲ್ಲ. ಹಾಗೆಂದು ಗ್ರಾಚ್ಯುಟಿಯನ್ನೆಲ್ಲ ಸುರಿಯಬೇಡಿ, ಆಸ್ಪತ್ರೆ ಖರ್ಚಿಗೆ ಕೈಯಲ್ಲಿ ದುಡ್ಡಿರಲಿ. ಕಂತು ಕಟ್ಟಲು ಮೀಟರ್ ಬಡ್ಡಿಯವರ ಬಳಿಗಂತೂ ಹೋಗಲೇಬೇಡಿ.

ಬಾಕಿ 90 ದಿನ ಮೀರಿದರೆ ಖಾತೆ ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ನಂತರ, ಅಡ ಇಟ್ಟ ಮನೆಯನ್ನು ಬ್ಯಾಂಕು ಸ್ವಾಧೀನಕ್ಕೆ ತೆಗೆದುಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಬರುತ್ತದೆ. ಹಿರಿಯರು ಮಾನಕ್ಕೆ ಅಂಜಿ ರಿಜಿಸ್ಟರ್ಡ್ ಅಂಚೆಯನ್ನು ಹಿಂದಕ್ಕೆ ಕಳಿಸುವುದುಂಟು. ಅದರಿಂದ ಗಡುವು ನಿಲ್ಲದು. ಲಿಖಿತ ಆಕ್ಷೇಪಣೆ ಕೊಟ್ಟರೆ, ಅದನ್ನು ಒಪ್ಪದಿದ್ದಲ್ಲಿ ಕಾರಣ ಸಹಿತ 15 ದಿನದೊಳಗೆ ಉತ್ತರಿಸಲು ಬ್ಯಾಂಕು ಬದ್ಧ. ಸ್ವಾಧೀನಕ್ಕೆ ಮುಂದಾದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಪಿಂಚಣಿಯಲ್ಲಿ ಕಂತು ಏನು ಮಾಡಿದರೂ ಹೊಂದದು ಎಂದು ಲೆಕ್ಕವೇ ಹೇಳುತ್ತಿದ್ದರೆ, ಹರಾಜಿಗೆ ಕಾಯದೆ ಬ್ಯಾಂಕಿಗೆ ತಿಳಿಸಿ ಮನೆಯನ್ನು ತಾವೇ ಮಾರಿ ಚಿಕ್ಕ ಮನೆಗೆ ಹೋಗುವುದೇ ಮೇಲು. ಹರಾಜಿನಲ್ಲಿ ಒಳ್ಳೆಯ ಬೆಲೆ ಸಿಗುವುದು ಅಪರೂಪ.

ಓದುಗರಲ್ಲಿ ಒಂದು ಕೋರಿಕೆ. ಈ ಬಡ್ಡಿ-ಅಸಲಿನ ಪಟ್ಟಿ ಮಾಡಲು ಹೈಸ್ಕೂಲಿನ ಗಣಿತ ಸಾಕು. ಒಂದು ಭಾನುವಾರ ಹಿರಿಯರ ಪಕ್ಕದಲ್ಲಿ ಕೂತು, ಅವರ ಸಾಲದ ಮೊದಲ 12 ತಿಂಗಳ ಲೆಕ್ಕವನ್ನು ನೀವೇ ಕೈಯಾರೆ ಬರೆದು ನೋಡಿ.