ಅಂತರ್ಜಾಲ ಸಂಪರ್ಕ ಕಡಿತಗೊಂಡಾಗ ರೈತರು ಅನುಸರಿಸಬೇಕಾದ ಕ್ರಮಗಳು



ರಾಯಬಾಗ ತಾಲ್ಲೂಕಿನ ಪಾಲಬಾವಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಕಬ್ಬು, ಗೋವಿನಜೋಳ ಮತ್ತು ಅರಿಷಿಣ ಬೆಳೆಯುವವರ ಹಲವು ಕೆಲಸಗಳು ಇಂದು ಮೊಬೈಲ್‌ನಲ್ಲಿಯೇ ನಡೆಯುತ್ತವೆ. ಹವಾಮಾನ ಮುನ್ಸೂಚನೆ, ಬೆಳೆ ಸಮೀಕ್ಷೆ, ಬೆಳೆ ವಿಮೆ, ಪಿಎಂ-ಕಿಸಾನ್ ಇ-ಕೆವೈಸಿ, ಹಣ ಪಾವತಿ ಇವೆಲ್ಲವುಗಳಿಗೂ ಅಂತರ್ಜಾಲ ಬೇಕು. ಆದರೆ ಅದು ಅತ್ಯವಶ್ಯವಾಗಿರುವ ದಿನವೇ ಕೈಕೊಡುವುದು ಹಳ್ಳಿಗಳಲ್ಲಿ ಸಾಮಾನ್ಯ. ಕಟಾವು ಮಾಡಿ ಹೊಲದಲ್ಲಿ ಒಣಗಲು ಹಾಕಿದ ಗೋವಿನಜೋಳದ ಮೇಲೆ ಅಕಾಲಿಕ ಮಳೆ ಸುರಿಯಿತೆನ್ನಿ. ಅದೇ ಮಳೆಗಾಳಿಗೆ ವಿದ್ಯುತ್ ಹೋಗಿ ಮೊಬೈಲ್ ಜಾಲವೂ ನಿಲ್ಲುತ್ತದೆ. ವಿಮೆಯ ಗಡುವು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಜಾಲವಿಲ್ಲದ ದಿನಕ್ಕೆ ಮುಂಚಿತವಾಗಿಯೇ ಸಿದ್ಧರಾಗಿರುವುದು ಅವಶ್ಯ.

ಸಂಪರ್ಕ ಕಡಿತಕ್ಕೆ ಕಾರಣಗಳು

ಮೊಬೈಲ್ ಗೋಪುರಕ್ಕೆ ನಿರಂತರ ವಿದ್ಯುತ್ ಬೇಕು. ವಿದ್ಯುತ್ ಹೋದಾಗ ಬ್ಯಾಟರಿ ಅಥವಾ ಡೀಸೆಲ್ ಜನರೇಟರ್ ಅದನ್ನು ಕೆಲ ಕಾಲ ನಡೆಸುತ್ತದೆ. ಅವು ಮುಗಿದೊಡನೆ ಗೋಪುರ ಸ್ತಬ್ಧವಾಗುತ್ತದೆ. ಎರಡನೆಯದಾಗಿ, ರಸ್ತೆ ಅಗಲೀಕರಣ ಇಲ್ಲವೇ ನೀರಿನ ಪೈಪಿಗಾಗಿ ನೆಲ ಅಗೆಯುವಾಗ ಆಪ್ಟಿಕಲ್ ಫೈಬರ್ ತುಂಡಾಗುತ್ತದೆ. ಮೂರನೆಯದಾಗಿ, ಒಂದೇ ಗೋಪುರವನ್ನು ಸಂಜೆ ಹೊತ್ತು ಬಹಳ ಜನ ಬಳಸುವುದರಿಂದ ವೇಗ ಕುಸಿಯುತ್ತದೆ. ಕಾರಣ ತಿಳಿದರೆ ಪರಿಹಾರವೂ ಸುಲಭ. ಸಂಜೆ ಮಾತ್ರ ನಿಧಾನವಾಗುವುದಿದ್ದರೆ, ಫೋಟೋ ಕಳುಹಿಸುವ ಹಾಗೂ ಅರ್ಜಿ ತುಂಬುವ ಕೆಲಸಗಳನ್ನು ಬೆಳಗಿನ ಜಾವ ಮಾಡಿಕೊಳ್ಳಬಹುದು.

ಡೇಟಾ ಇಲ್ಲದಿದ್ದರೂ ಉಳಿಯುವ ಸೌಲಭ್ಯಗಳು

1. ಎಸ್‌ಎಂಎಸ್‌ಗೆ ಅತ್ಯಲ್ಪ ಸಿಗ್ನಲ್ ಸಾಕು. ತಮ್ಮ ಫೋನ್ ಜಾಲದಿಂದ ಹೊರಗಿದ್ದಾಗ ಬಂದ ಸಂದೇಶವು ಸಾಮಾನ್ಯವಾಗಿ ಸಿಗ್ನಲ್ ಮರಳಿದ ಮೇಲೆ ತಲುಪುತ್ತದೆ.
2. ಧ್ವನಿ ಕರೆ ಸಿಗುವಷ್ಟು ಸಿಗ್ನಲ್ ಇದ್ದರೆ ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಇದು ಲಭ್ಯ.
3. ಮಳೆಯ ಮಾಹಿತಿಗೆ ರಾಜ್ಯದ ‘ವರುಣ ಮಿತ್ರ’ ಸಹಾಯವಾಣಿ 9243345433 ಇದೆ.
4. ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳನ್ನು ಕೇಳಲು ಬ್ಯಾಟರಿ ರೇಡಿಯೊ ಸಾಕು, ಗೋಪುರ ಬೇಕಿಲ್ಲ.
5. ಬ್ಯಾಂಕ್ ಖಾತೆಗೆ ಜೋಡಿಸಿದ ಸಂಖ್ಯೆಯಿಂದ *99# ಒತ್ತಿ, ಅಂತರ್ಜಾಲವಿಲ್ಲದೆ ಶಿಲ್ಕು ನೋಡಬಹುದು, ಸಣ್ಣ ಮೊತ್ತ ಪಾವತಿಸಬಹುದು. ಸಾಧಾರಣ ಫೋನ್‌ಗಳಿಗಾಗಿ 2022ರಲ್ಲಿ ಆರಂಭವಾದ ಯುಪಿಐ 123ಪೇ ಕೂಡ ಕರೆಯ ಮೂಲಕ ನಡೆಯುತ್ತದೆ. ಎಲ್ಲ ಕಂಪನಿಗಳ ಸಿಮ್‌ಗಳಲ್ಲಿಯೂ *99# ಕೆಲಸ ಮಾಡದು. ಆದ್ದರಿಂದ ಮೊದಲೇ ಪರೀಕ್ಷಿಸಿಕೊಳ್ಳಿ.

ಬೆಳೆ ವಿಮೆ: 72 ಗಂಟೆಗಳ ಗಡುವು

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ನೋಂದಾಯಿಸಿದ ರೈತರು, ಆಲಿಕಲ್ಲು ಮಳೆ ಅಥವಾ ಜಲಾವೃತದಂತಹ ಸ್ಥಳೀಯ ವಿಕೋಪದಿಂದಾದ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕು. ಕಟಾವಿನ ನಂತರ ಒಣಗಲು ಹೊಲದಲ್ಲಿ ಹರಡಿದ ಬೆಳೆಗೆ, ಕಟಾವಾದ 14 ದಿನಗಳೊಳಗೆ ಅಕಾಲಿಕ ಮಳೆಯಿಂದ ಆಗುವ ಹಾನಿಗೂ ಇದೇ ಗಡುವು ಅನ್ವಯಿಸುತ್ತದೆ. ಆ್ಯಪ್ ತೆರೆಯದಿದ್ದರೆ 14447 ಸಹಾಯವಾಣಿಗೆ ಕರೆ ಮಾಡಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕರೆಯೂ ಸಿಗದಿದ್ದರೆ ಎರಡನೆಯ ದಿನದವರೆಗೆ ಕಾಯದೆ, ತಮ್ಮ ಬ್ಯಾಂಕ್ ಶಾಖೆ ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಲಿಖಿತ ಅರ್ಜಿ ಕೊಟ್ಟು, ದಿನಾಂಕ ಹಾಗೂ ವೇಳೆ ಇರುವ ಸ್ವೀಕೃತಿ ಪಡೆಯಿರಿ. ಹಾನಿಯಾದ ಬೆಳೆಯ ಫೋಟೋಗಳನ್ನು ತಕ್ಷಣವೇ ತೆಗೆದಿಡಿ. ಮೊಬೈಲ್‌ನ ಜಿಪಿಎಸ್ ಉಪಗ್ರಹದಿಂದ ಸಂಕೇತ ಪಡೆಯುವುದರಿಂದ ಅಂತರ್ಜಾಲವಿಲ್ಲದಿದ್ದರೂ ಸ್ಥಳ ಗುರುತಿಸಬಲ್ಲದು. ಕ್ಯಾಮೆರಾದಲ್ಲಿ ‘ಲೊಕೇಶನ್’ ಆಯ್ಕೆಯನ್ನು ಚಾಲೂ ಇಟ್ಟರೆ ಸಾಕು.

ಇದಕ್ಕಾಗಿ ಒಂದು ಹಾಳೆಯಲ್ಲಿ ಸರ್ವೆ ನಂಬರ್, ಫ್ರೂಟ್ಸ್ ಗುರುತಿನ ಸಂಖ್ಯೆ, ವಿಮೆಯ ಅರ್ಜಿ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಮತ್ತು ಮೇಲಿನ ಸಹಾಯವಾಣಿಗಳನ್ನು ಬರೆದು ಪಹಣಿ ಪ್ರತಿಯೊಂದಿಗೆ ಮನೆಯಲ್ಲಿಡಿ. ಫೋನ್‌ನಲ್ಲಿ ಮಾತ್ರ ಇರುವ ದಾಖಲೆ, ಚಾರ್ಜ್ ಮುಗಿದಾಗ ಇಲ್ಲದಂತೆಯೇ.

ಹವಾಮಾನ ಸಲಹೆ

ಭಾರತೀಯ ಹವಾಮಾನ ಇಲಾಖೆಯ ಕೃಷಿ ಹವಾಮಾನ ಸಲಹಾ ವರದಿಗಳು ಮಂಗಳವಾರ ಮತ್ತು ಶುಕ್ರವಾರ ಪ್ರಕಟವಾಗುತ್ತವೆ. ಆ ದಿನ ಸಂಪರ್ಕ ಸಿಕ್ಕಾಗಲೇ ಮುಂದಿನ ಐದು ದಿನಗಳ ಮುನ್ಸೂಚನೆಯನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ, ಸಿಂಪರಣೆ, ಮೇಲುಗೊಬ್ಬರ ಹಾಗೂ ಕಟಾವಿನ ನಿರ್ಧಾರಕ್ಕೆ ಪ್ರತಿದಿನ ಅಂತರ್ಜಾಲ ಹುಡುಕಬೇಕಾಗದು. ಗುಡುಗು ಸಿಡಿಲಿನ ವೇಳೆ ಸಿಗ್ನಲ್‌ಗಾಗಿ ಮಾಳಿಗೆ ಏರುವುದು, ದಿಬ್ಬದ ಮೇಲೆ ಅಥವಾ ಮರದ ಕೆಳಗೆ ನಿಲ್ಲುವುದು ಜೀವಕ್ಕೇ ಅಪಾಯ. ಯಾವ ಗಡುವೂ ಅದಕ್ಕಿಂತ ದೊಡ್ಡದಲ್ಲ.

ಮನೆಯ ಫೈಬರ್ ಸಂಪರ್ಕ

ಫೈಬರ್ ತಂತಿಯು ಬೆಳಕಿನಿಂದ ಕೆಲಸ ಮಾಡುತ್ತದೆ. ಅನೇಕ ಬಾರಿ ಕರೆಂಟ್ ಹೋದಾಗ ನಿಲ್ಲುವುದು ತಂತಿಯಲ್ಲ, ಮನೆಯ ರೌಟರ್. ಸಾಮಾನ್ಯವಾಗಿ 12 ವೋಲ್ಟ್‌ನಲ್ಲಿ ನಡೆಯುವ ರೌಟರ್‌ಗೆ ಸಣ್ಣ ಡಿಸಿ ಯುಪಿಎಸ್ ಜೋಡಿಸಿದರೆ ಕೆಲವು ಗಂಟೆ ಸಂಪರ್ಕ ಉಳಿಯುತ್ತದೆ. ಕೊಳ್ಳುವ ಮುನ್ನ ರೌಟರ್ ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಳ್ಳಿ. ಸಿಡಿಲಿನ ಸಮಯದಲ್ಲಿ ಪ್ಲಗ್ ತೆಗೆದಿಡಿ.

ದೂರು ಸಲ್ಲಿಸುವ ಕ್ರಮ

ಸಂಪರ್ಕ ಹೋದ ದಿನ ಮತ್ತು ವೇಳೆಯನ್ನು ಬರೆದಿಟ್ಟು, ತಮ್ಮ ಮೊಬೈಲ್ ಕಂಪನಿಯ ದೂರು ಸಂಖ್ಯೆ 198ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು. ಒಬ್ಬರ ದೂರಿಗಿಂತ, ಊರಿನ ಹತ್ತಾರು ಜನ ದಿನಾಂಕ ಸಹಿತ ಪ್ರತ್ಯೇಕವಾಗಿ ಕೊಟ್ಟ ದೂರುಗಳು ಗೋಪುರದ ದೋಷವನ್ನು ಸ್ಪಷ್ಟಪಡಿಸುತ್ತವೆ. ವಿದ್ಯುತ್ ವ್ಯತ್ಯಯಕ್ಕೆ ಹೆಸ್ಕಾಂ ಸಹಾಯವಾಣಿ 1912.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

• ವಿಡಿಯೋ ಬದಲು ಚಿಕ್ಕ ಧ್ವನಿ ಸಂದೇಶ ಹಾಗೂ ಎಸ್‌ಎಂಎಸ್ ಬಳಸಿ. ನಿಧಾನ ಜಾಲದಲ್ಲಿಯೂ ಅವು ತಲುಪುತ್ತವೆ.
• ಹವಾಮಾನ ಸಲಹೆಯನ್ನು ಗ್ರಾಮ ಪಂಚಾಯತಿ, ಹಾಲಿನ ಡೇರಿ ಮತ್ತು ಸಹಕಾರ ಸಂಘದ ಫಲಕಗಳಲ್ಲಿ ಬರೆಯಿಸಿ.
• ಬೆಳೆ ಸಮೀಕ್ಷೆಯ ಮಾಹಿತಿಯನ್ನು ಸಂಪರ್ಕವಿರುವಲ್ಲಿಯೇ ಡೌನ್‌ಲೋಡ್ ಮಾಡಿಕೊಂಡು ಹೊಲಕ್ಕೆ ತೆರಳಿ. ಹಿಂದಿರುಗಿದ ಮೇಲೆ ಅಪ್‌ಲೋಡ್ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳುವವರೆಗೆ ಆ್ಯಪ್ ಅಳಿಸಬೇಡಿ.
• ಬೇರೆ ಬೇರೆ ಕಂಪನಿಯ ಎರಡು ಸಿಮ್ ಇಟ್ಟುಕೊಳ್ಳಿ. ಯಾವ ಊರಿನಲ್ಲಿ ಯಾವುದು ಸಿಗುತ್ತದೆಂದು ಗುರುತು ಮಾಡಿಕೊಳ್ಳಿ.

ಜಾಲವನ್ನು ಸರಿಪಡಿಸುವುದು ರೈತರ ಕೈಯಲ್ಲಿಲ್ಲ. ಗಡುವು ತಪ್ಪದಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ಅವರ ಕೈಯಲ್ಲಿದೆ. ಮುಂದಿನ ಮಳೆಗೆ ಮೊದಲು ಮೇಲಿನ ಹಾಳೆಯನ್ನು ಬರೆದಿಟ್ಟುಕೊಂಡು, ಮನೆಯ ಎಲ್ಲರಿಗೂ ಅದು ಇರುವ ಜಾಗ ತೋರಿಸಿರಿ.