ಬಹುಭಾಷಾ ಕಾರ್ಮಿಕರು ಮತ್ತು ನಮ್ಮ ವ್ಯವಸ್ಥಾಪಕರು

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಸೀಮೆಯು ಹಲವು ಭಾಷೆಗಳ ನೆಲೆಯಾಯಿತು. ಕ್ಯಾಂಪುಗಳಲ್ಲಿ ನೆಲೆಸಿದ ಆಂಧ್ರದ ರೈತರ ಮಾತು ತೆಲುಗು. 1970ರ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದು ಪುನರ್ವಸತಿ ಪಡೆದವರದು ಬಂಗಾಳಿ. ಲಿಂಗಸುಗೂರು, ಮಸ್ಕಿ ಭಾಗದ ತಾಂಡಾಗಳಲ್ಲಿ ಲಂಬಾಣಿ ಕೇಳಿಬರುತ್ತದೆ. ಅಕ್ಕಿ ಗಿರಣಿಗಳಿಗೆ ಬಿಹಾರದಿಂದಲೂ ಕಾರ್ಮಿಕರು ಬರುತ್ತಾರೆ. ಹೀಗಾಗಿ ಹೊಸದಾಗಿ ಆರಂಭವಾಗುವ ಸಣ್ಣ ಘಟಕದಲ್ಲಿಯೂ ಮೊದಲ ದಿನದಿಂದಲೇ ಮೂರು ನಾಲ್ಕು ಭಾಷೆಗಳು ಸೇರುತ್ತವೆ. ಆದರೆ ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಯಲ್ಲಿ ಯಂತ್ರಕ್ಕೆ, ವಿದ್ಯುತ್ತಿಗೆ, ಬಡ್ಡಿಗೆ ಅಂಕಣಗಳಿರುವಂತೆ ಈ ಸಂಗತಿಗೆ ಯಾವ ಅಂಕಣವೂ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಹೊಸ ಗಿರಣಿಯೊಂದರ ಲೆಕ್ಕ ಪರಿಶೋಧನೆಯಲ್ಲಿ ಒಂಬತ್ತು ಹೆಸರುಗಳ ಮುಂದೆ ವೇತನ ಬಾಕಿ ಇರುವುದನ್ನು ಕಂಡೆನು. ಹಾಜರಿ ಪುಸ್ತಕದಲ್ಲಿ ಅವರೆಲ್ಲರಿಗೂ ‘ಪರಾರಿ’ ಎಂಬ ಷರಾ ಇತ್ತು. ಪರಾರಿಯಾಗುವವನು ಮುಂಗಡ ಪಡೆದು ಹೋಗುತ್ತಾನೆ. ದುಡಿದ ಹಣವನ್ನು ಬಿಟ್ಟು ಹೋಗುವುದುಂಟೆ? ಮೇಸ್ತ್ರಿಯನ್ನು ವಿಚಾರಿಸಿದಾಗ ನಿಜಾಂಶ ತಿಳಿಯಿತು.

ಬಿಹಾರದವರಿಗೆ ದೀಪಾವಳಿಗಿಂತಲೂ ಮುಖ್ಯವಾದುದು ಅಮಾವಾಸ್ಯೆಯ ನಂತರದ ಆರನೆಯ ದಿನ ಬರುವ ಛಠ್ ಪೂಜೆ. ನಮ್ಮಲ್ಲಿ ಮುಂಗಾರಿನ ಭತ್ತ ಗಿರಣಿಗೆ ಬರುವುದೂ ಅದೇ ಸಮಯಕ್ಕೆ. ಊರಿಗೆ ಹೊರಟವರು ಲೆಕ್ಕ ಕೇಳಿದಾಗ ವ್ಯವಸ್ಥಾಪಕರು ತಮಗೆ ಬಂದಷ್ಟು ಹಿಂದಿಯಲ್ಲಿ ‘ಹಿಸಾಬ್ ಕಲ್’ ಎಂದಿದ್ದರು. ಅವರ ಮನಸ್ಸಿನಲ್ಲಿದ್ದುದು ‘ನಾಳೆ’. ಹಿಂದಿಯಲ್ಲಿ ನಿನ್ನೆಗೂ ನಾಳೆಗೂ ಅದೊಂದೇ ಪದ; ಕ್ರಿಯಾಪದವಿಲ್ಲದಿದ್ದರೆ ಅರ್ಥ ನಿಲ್ಲದು. ಲೆಕ್ಕ ನಿನ್ನೆಯೇ ಮುಗಿಯಿತೆಂದು ತಿಳಿದ ಕಾರ್ಮಿಕರು ಮರುಮಾತನಾಡದೆ ರೈಲು ಹತ್ತಿದರು. ಹಸಿ ಭತ್ತ ಅಂಗಳದಲ್ಲಿಯೇ ಉಳಿಯಿತು. ಅವರಲ್ಲಿ ಆರು ಮಂದಿ ಮತ್ತೆ ಬರಲಿಲ್ಲ.

ಈ ಪ್ರಸಂಗದಲ್ಲಿ ಯಾರಿಗೂ ದುರುದ್ದೇಶವಿರಲಿಲ್ಲ. ಕಾರ್ಮಿಕನು ತಲೆಯಾಡಿಸಿದನೆಂದರೆ ಮಾತು ತಿಳಿಯಿತೆಂದು ಭಾವಿಸಿದುದೇ ತಪ್ಪು. ಅನೇಕ ವೇಳೆ ಅದು ಕೇವಲ ಮರ್ಯಾದೆಯ ಸೂಚನೆ.

ಇದಕ್ಕೆ ಪರಿಹಾರವು ದುಬಾರಿಯಾದುದಲ್ಲ. ಮೊದಲನೆಯದಾಗಿ, ವೇತನ, ರಜೆ ಮತ್ತು ಪಾಳಿಗಳನ್ನು ತಿಳಿಸುವಾಗ ‘ನಾಳೆ’ ಎನ್ನದೆ ವಾರ ಮತ್ತು ತಾರೀಖು ಹೇಳಬೇಕು. ಕೇಳಿದವನಿಂದ ಅದನ್ನು ಒಮ್ಮೆ ಮರಳಿ ಹೇಳಿಸಬೇಕು. ಎರಡನೆಯದಾಗಿ, ವರ್ಷಾರಂಭದಲ್ಲಿಯೇ ಛಠ್, ದುರ್ಗಾಪೂಜೆ, ಸಂಕ್ರಾಂತಿ, ರಂಜಾನ್, ಸೇವಾಲಾಲ್ ಜಯಂತಿಗಳನ್ನು ಗುರುತಿಸಿ ಸರದಿಯ ರಜೆ ನಿಗದಿಪಡಿಸಬೇಕು. ಮೂರನೆಯದಾಗಿ, ವೇತನ ಚೀಟಿ ಕೊಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯಂತೆ ಇದು ಮಾಲೀಕರ ಕರ್ತವ್ಯವೂ ಆಗಿದೆ. ನಿಜಾಮರ ಆಡಳಿತವಿದ್ದ ಈ ಸೀಮೆಯ ಲೆಕ್ಕದ ಪುಸ್ತಕಗಳಲ್ಲಿರುವ ಹಾಜರಿ, ಪಗಾರ, ಜಮಾ, ಬಾಕಿ ಎಂಬ ಪದಗಳು ಹಿಂದಿಯವರಿಗೂ ತಿಳಿಯುತ್ತವೆ. ಚೀಟಿಯಲ್ಲಿ ಅವನ್ನೇ ಅವರ ಲಿಪಿಯಲ್ಲಿಯೂ ಬರೆಸಿದರೆ ಸಾಕು.

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅಶೋಕನು ತನ್ನ ಮಾತನ್ನು ದೊಡ್ಡವರಿಗೂ ಸಣ್ಣವರಿಗೂ ತಿಳಿಸಬೇಕೆಂದಿದ್ದಾನೆ. ಅದೇ ದೊರೆ ದೂರದ ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಬರೆಸಿದನು. ಸಾಮ್ರಾಜ್ಯವನ್ನಾಳಿದವನೇ ಕೇಳುವವರ ಭಾಷೆಗೆ ಇಳಿದಿರುವಾಗ ನಾವು ಒಂದು ಚೀಟಿಯ ಮಟ್ಟಿಗಾದರೂ ಇಳಿಯಬಹುದು. ಮುಂದಿನ ಹಂಗಾಮಿಗೆ ಮುನ್ನ ವರ್ತಕ ಬಾಂಧವರು ತಮ್ಮ ಹಾಜರಿ ಪುಸ್ತಕದಲ್ಲಿರುವ ‘ಪರಾರಿ’ ಷರಾಗಳನ್ನು ಒಮ್ಮೆ ಪರಿಶೀಲಿಸಲಿ.